ತಲೆಕೆಳಗಿನ ಪುಟಗಳು

ಬೀದಿಯವರೆಲ್ಲ ನನ್ನ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ಅಂಚಪ್ಪ ಎನ್ನುತ್ತಾರೆ. ಪುಟದ ಅಂಚಿನಲ್ಲಿ ಒಂದು ಕಪ್ಪು ಗೆರೆ ಉಳಿದರೂ ಅವನಿಗೆ ಅನ್ನ ಸೇರುವುದಿಲ್ಲ, ಅದಕ್ಕೆ ಬಂದ ಹೆಸರು. ಎದುರಿಗೆ ನಾನು 'ಭಾವ, ನೀವು' ಎಂದೇ ಮಾತಾಡುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವನಿಗೆ ಎಂದೂ ಬಹುವಚನ ಕೊಟ್ಟವಳಲ್ಲ, ಇಲ್ಲಿ ಬರೆಯುವಾಗಲೂ ಕೊಡುವುದಿಲ್ಲ.

ಅವನ ಅಂಗಡಿ ಕೋರ್ಟಿನ ಹಿಂದಿನ ಬೀದಿಯಲ್ಲಿದೆ. ಮೊದಲು ಅದು ಫೋಟೋ ಸ್ಟುಡಿಯೋ ಆಗಿತ್ತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಫೋಟೋ ತೆಗೆಸಿಕೊಳ್ಳುವವರು ಇಲ್ಲವಾದರು. ಕ್ಯಾಮೆರಾ ಅಟ್ಟ ಸೇರಿತು, ಫೋಟೋ ತೊಳೆಯುತ್ತಿದ್ದ ಕತ್ತಲೆಕೋಣೆಯಲ್ಲಿ ಈಗ ಪೊರಕೆ, ಬಕೆಟ್ಟು ಇಟ್ಟಿದ್ದಾರೆ. ಅಷ್ಟರಲ್ಲಿ ಕೋರ್ಟು ಅರ್ಜಿಗಳನ್ನು ಆನ್‌ಲೈನಿನಲ್ಲೇ ತೆಗೆದುಕೊಳ್ಳಲು ಶುರು ಮಾಡಿತು. ಆ ವೆಬ್‌ಸೈಟಿಗೆ ಒಂದು ಹಟ. ಇಡೀ ಫೈಲು ಕೊಟ್ಟರೆ ಒಲ್ಲೆ ಎನ್ನುತ್ತದೆ, ಪುಟಕ್ಕೊಂದರಂತೆ ಚಿತ್ರ ಮಾಡಿ ಕೊಡಬೇಕು. ಚಿತ್ರ ಮಸುಕಾದರೆ ವಾಪಸ್, ಓರೆಯಾದರೆ ವಾಪಸ್, ತೂಕ, ಅಂದರೆ ಎಂಬಿ, ಜಾಸ್ತಿಯಾದರೂ ವಾಪಸ್. ಇಂಥ ಹಟಮಾರಿಗೆ ಇಂಥವನೇ ಸರಿ. ಬೇರೆ ಅಂಗಡಿಯವರು ಫೈಲನ್ನು ಚಿತ್ರ ಮಾಡಿಕೊಡುವ ಒಂದು ಪುಕ್ಕಟೆ ಸೈಟಿಗೆ ಹಾಕಿ, ಅದು ಉಗುಳಿದ್ದನ್ನು ಹಾಗೇ ಕೋರ್ಟಿಗೆ ಏರಿಸಿ ಕೈತೊಳೆದುಕೊಳ್ಳುತ್ತಾರೆ. ಇವನೂ ಸೈಟಿಗೇ ಹಾಕುವುದು, ಆದರೆ ಅವನ ಕೆಲಸ ಶುರುವಾಗುವುದೇ ಆಮೇಲೆ. ಪುಟ ನೆಟ್ಟಗೆ ಮಾಡುತ್ತಾನೆ, ಅಂಚು ಒರೆಸುತ್ತಾನೆ, ಸಾಸಿವೆಯಷ್ಟು ಚುಕ್ಕೆಯನ್ನೂ ಹೆಕ್ಕಿ ತೆಗೆಯುತ್ತಾನೆ. ಅವನು ಏರಿಸಿದ ಪುಟ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. ಹೊಟ್ಟೆ ಉರಿದರೂ ಇದನ್ನು ಒಪ್ಪಲೇಬೇಕು.

ನಾನು ಆ ಅಂಗಡಿಯ ಎರಡನೇ ಕುರ್ಚಿ. ಫೈಲುಗಳನ್ನು ಇಳಿಸಿಕೊಂಡು ಸಾಲಾಗಿ ಅವನಿಗೆ ಕಳಿಸುವುದು, ಗಿರಾಕಿಗಳ ಜೊತೆ ಬಾಯಿ ನೋಯಿಸಿಕೊಳ್ಳುವುದು ನನ್ನ ಪಾಲು. ಅವನು ಮಾತಾಡುವುದಿಲ್ಲ. ಓದುವುದೂ ಇಲ್ಲ. ಪ್ರತಿ ಪುಟವನ್ನೂ ಪರದೆಯ ಮೇಲೆ ತಲೆಕೆಳಗು ಮಾಡಿಕೊಂಡೇ ಕೆಲಸ ಮಾಡುತ್ತಾನೆ. ನೆಟ್ಟಗಿಟ್ಟರೆ ಕಣ್ಣು ಅಕ್ಷರದ ಬೆನ್ನು ಹತ್ತಿ ಹೋಗುತ್ತದಂತೆ, ಕೊಳೆ ಕಾಣುವುದಿಲ್ಲವಂತೆ. ಮೇಲಾಗಿ ಊರವರ ಜಗಳ, ಆಸ್ತಿ, ಸಂಸಾರ ಎಲ್ಲವೂ ಆ ಪುಟಗಳಲ್ಲಿರುತ್ತದೆ, ಅದನ್ನು ನೋಡದಿರುವುದೇ ಈ ಕೆಲಸದ ಧರ್ಮವಂತೆ. ಗಿರಾಕಿಗಳು ಇದನ್ನು ಕೇಳಿ ಕೈ ಮುಗಿಯುತ್ತಾರೆ. ಧರ್ಮವೂ ಇಲ್ಲ, ಮಣ್ಣೂ ಇಲ್ಲ. ಈ ಮನುಷ್ಯನಿಗೆ ಇನ್ನೊಬ್ಬರ ಸುದ್ದಿಯೇ ಬೇಡ, ಅಷ್ಟೆ.

ನಮ್ಮಕ್ಕನನ್ನು ಕೇಳಬೇಕು. ಅವಳು ಇವನ ಮನೆಗೆ ಬಂದಾಗ ಮಾತಿನ ಮಲ್ಲಿ. ನಗಿಸಲು ಕೂತರೆ ಎದುರಿಗಿದ್ದವರು ಹೊಟ್ಟೆ ಹಿಡಿದುಕೊಳ್ಳಬೇಕು. ಇವನ ಮುಂದೆ ಎಲ್ಲವೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹೊಟ್ಟೆಯಲ್ಲಿದ್ದ ಕೂಸು ಕೈತಪ್ಪಿ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಇವನಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಅವಳು ಮಲಗಿದಲ್ಲೇ ಒಂದು ಕಾಗದ ಬರೆದು ನನ್ನ ಕೈಲಿ ಕಳಿಸಿದಳು. ಮನೆಗೆ ಬಂದ ಮೇಲೆ, ಓದಿದಿರಾ ಎಂದು ಕೇಳಿದಳು. ಭದ್ರವಾಗಿ ಇಟ್ಟಿದ್ದೇನೆ, ಚಿತ್ರ ಮಾಡಿ ಇಟ್ಟಿದ್ದೇನೆ, ಮಡಿಕೆಯ ಗುರುತು ಕೂಡ ಕಾಣದ ಹಾಗೆ ತೆಗೆದಿದ್ದೇನೆ ಎಂದ. ಓದಿರಲಿಲ್ಲ. ಅವತ್ತಿನಿಂದ ಅಕ್ಕ ಆ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಅದೂ ಅವನಿಗೆ ತಿಳಿಯಲಿಲ್ಲ.

ಒಮ್ಮೆ ಇವನನ್ನು ಬಿಟ್ಟು ತವರಿಗೆ ಬಂದಿದ್ದಳು. ಅಮ್ಮ, ದೊಡ್ಡಪ್ಪ ಸುತ್ತ ಕೂತು ಬುದ್ಧಿ ಹೇಳಿದರು. ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಇನ್ನೇನು ಬೇಕು ನಿನಗೆ ಎಂದು ಅಮ್ಮ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ದೊಡ್ಡಪ್ಪ. ಅಯ್ಯೋ, ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಸಿಟ್ಟು ಮಾಡಿಕೊಂಡು ಬಂದಿದ್ದಾಳೆ ಎಂದು ತೀರ್ಮಾನಿಸಿ ವಾಪಸ್ ಕಳಿಸಿದರು.

ಈ ಸಲ ಅಕ್ಕ ಜಾಣತನ ಮಾಡಿದಳು. ದೂರದ ಊರಿನ ಹಾಸ್ಟೆಲೊಂದರಲ್ಲಿ ಮೇಲ್ವಿಚಾರಕಿಯ ಕೆಲಸ ಹಿಡಿದಳು. ಇರಲು ಕೋಣೆಯೂ ಅಲ್ಲೇ, ಬರುವ ತಿಂಗಳು ಸೇರಬೇಕು. ಆದರೆ ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿ ದಾಖಲಾಗದೆ ಹೊಸಿಲು ದಾಟುವುದಿಲ್ಲ ಎಂದು ಕೂತಳು. ದಾಖಲಾದರೆ ಯಾರೂ ಅದನ್ನು ಸಿಟ್ಟು ಎನ್ನುವಂತಿಲ್ಲ. ಅದಕ್ಕೆ ಮುಂಚೆ ಇವನಿಗೆ ಗೊತ್ತಾದರೆ ಮುಗಿಯಿತು, ದೊಡ್ಡಪ್ಪನಿಗೆ ಫೋನು ಹೋಗುತ್ತದೆ, ಮತ್ತೆ ಅದೇ ಪಂಚಾಯಿತಿ.

ವಕೀಲಮ್ಮ ಸಹಿ ಮಾಡಿಸಿದ ಅರ್ಜಿಯನ್ನು ಒಂದೇ ಫೈಲು ಮಾಡಿ ಕಳಿಸಿದರು. ಚಿತ್ರ ಮಾಡುವುದು ನನ್ನ ಜವಾಬ್ದಾರಿ. ಗುಟ್ಟಾಗಿ ಮೊಬೈಲಿನಲ್ಲೇ ಮಾಡಿದೆ. ಮೊದಲ ಸಲ ಆ ಪುಕ್ಕಟೆ ಸೈಟು ಪ್ರತಿ ಪುಟದ ಮೇಲೂ ತನ್ನ ಹೆಸರನ್ನು ಅಡ್ಡಡ್ಡ ಒತ್ತಿಬಿಟ್ಟಿತ್ತು, ವಾಪಸ್. ಎರಡನೇ ಸಲ ಬೇರೆ ಅಂಗಡಿಗೆ ಹೋದೆ. ತೂಕ ಇಳಿಸಲು ಹೋಗಿ ಅಕ್ಷರವನ್ನೆಲ್ಲ ಗಂಜಿ ಮಾಡಿಕೊಟ್ಟರು, ಅದೂ ವಾಪಸ್. ವಕೀಲಮ್ಮ ಫೋನಿನಲ್ಲಿ ಉಗಿದರು. ಮೂರನೇ ಸಲವೂ ತಿರಸ್ಕಾರವಾದರೆ ಎಲ್ಲ ಮೊದಲಿನಿಂದ ಶುರು, ಈ ತಿಂಗಳ ಆಸೆ ಬಿಡಿ ಎಂದರು.

ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ಯೋಚಿಸಿದಳು.

"ಅವರ ಹತ್ರಾನೇ ಮಾಡ್ಸು," ಎಂದಳು.

"ತಲೆ ಕೆಟ್ಟಿದ್ಯಾ ನಿಂಗೆ? ಮೊದಲ ಪುಟದಲ್ಲೇ ಇಬ್ಬರ ಹೆಸರೂ ಇದೆ."

"ಇರ್ಲಿ. ಓದಲ್ಲ ಅವರು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮರುದಿನ ಆ ಫೈಲನ್ನು ಒಂದು ಬಾಡಿಗೆ ತಕರಾರಿಗೂ ಒಂದು ಗಡಿ ಜಗಳಕ್ಕೂ ನಡುವೆ ತೂರಿಸಿ ಅವನ ಪರದೆಗೆ ಕಳಿಸಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮುರಿದರೆ ಮುರಿಯುವುದು ಅಕ್ಕನ ಬದುಕು. ಬಾಡಿಗೆಯವರದು ಮುಗಿಯಿತು. ಅಕ್ಕನ ಮೊದಲ ಪುಟ ಪರದೆಗೆ ಬಂತು, ತಕ್ಷಣ ತಲೆಕೆಳಗಾಯಿತು. ಅವನು ಮೂಗು ಪರದೆಗೆ ತಾಗುವಷ್ಟು ಬಗ್ಗಿ ಚುಕ್ಕೆ ಹೆಕ್ಕತೊಡಗಿದ. ತನ್ನ ಹೆಸರಿನ ಪಕ್ಕದಲ್ಲಿದ್ದ ಒಂದು ಕಲೆಯನ್ನು ಎಷ್ಟು ನಾಜೂಕಾಗಿ ತೆಗೆದನೆಂದರೆ, ಎದ್ದು ಹೋಗಿ ತಲೆಯ ಮೇಲೆ ಮೊಟಕಬೇಕು ಅನ್ನಿಸಿತು. ಓದಬಾರದು ಎಂದು ಬೇಡಿಕೊಳ್ಳುತ್ತಿದ್ದವಳೂ ನಾನೇ, ಹೇಗೆ ಓದುವುದಿಲ್ಲ ಇವನು ಎಂದು ಕುದಿಯುತ್ತಿದ್ದವಳೂ ನಾನೇ.

ಕೊನೆಯ ಪುಟದಲ್ಲಿ ಕೈ ನಿಂತಿತು.

"ಇದು ಯಾರದು?" ಎಂದ.

ಗಿರಾಕಿಯದು ಎಂದೆ.

"ಸಹಿ ತೀರಾ ತೆಳು. ಕೈ ನಡುಗಿದೆ ಅನ್ಸುತ್ತೆ. ಕೋರ್ಟಲ್ಲಿ ನಿಲ್ಲಲ್ಲ ಇದು. ಆಯಮ್ಮಂಗೆ ಹೇಳು, ಕಪ್ಪು ಪೆನ್ನಲ್ಲಿ ಒತ್ತಿ ಹಾಕ್ಲಿ."

ಪುಟ ತಲೆಕೆಳಗೇ ಇತ್ತು. ಹನ್ನೊಂದು ವರ್ಷ ಜೊತೆಗಿದ್ದವಳ ಸಹಿ ಅದು. ಹೇಳುತ್ತೇನೆ ಎಂದೆ.

ವಕೀಲಮ್ಮನಿಂದ ಆ ಪುಟದ ಹೊಸ ಪ್ರತಿ ತೆಗೆದುಕೊಂಡು ಅಕ್ಕನ ಮುಂದೆ ಇಟ್ಟೆ. ಅವನು ಹೇಳಿದ್ದನ್ನು ಹೇಳಿದೆ. ನಗುತ್ತಾಳೋ ಅಳುತ್ತಾಳೋ ಎಂದು ನೋಡಿದೆ, ಎರಡೂ ಇಲ್ಲ. ಮೇಜಿನ ಮೇಲೆ ಹಾಳೆ ಸರಿಯಾಗಿ ಹಾಸಿಕೊಂಡು, ಹಿಂಬದಿಗೆ ಅಚ್ಚು ಬೀಳುವಷ್ಟು ಒತ್ತಿ ಸಹಿ ಹಾಕಿದಳು. ಅದನ್ನು ಅವನು ಚಿತ್ರ ಮಾಡಿ, ಈಗ ಸರಿಹೋಯಿತು ಎಂದು ತಲೆಯಾಡಿಸಿ, ತನ್ನ ಕೈಯಿಂದಲೇ ಕೋರ್ಟಿಗೆ ಏರಿಸಿದ. ಒಂದೇ ಸಲಕ್ಕೆ ದಾಖಲಾಯಿತು.

ಅಕ್ಕ ಆ ವಾರವೇ ಹೊರಟಳು. ಬಾಗಿಲಲ್ಲಿ ನಿಂತು "ಹೋಗ್ತೀನಿ" ಎಂದಳು. ನಮ್ಮಲ್ಲಿ ಮನೆಯಿಂದ ಹೊರಡುವವರು ಯಾರೂ ಹಾಗೆನ್ನುವುದಿಲ್ಲ, ಹೋಗಿಬರ್ತೀನಿ ಎನ್ನುತ್ತಾರೆ. ಅವನು ಹೂಂ ಎಂದ. ತವರಿಗೆ ಹೋದಳು ಎಂದುಕೊಂಡನೋ ಏನೋ, ಕೇಳಲಿಲ್ಲ.

ಕೋರ್ಟಿನ ಆಳು ಲಕೋಟೆ ತಂದದ್ದು ಅಂಗಡಿಗೇ. ಗಿರಾಕಿಗಳ ಕಾಗದಗಳು ನಮ್ಮ ವಿಳಾಸಕ್ಕೆ ಬರುವುದು ರೂಢಿ. ಇವನು ನೋಡದೆಯೇ ಸಹಿ ಹಾಕಿಕೊಟ್ಟು, ಒಳಗಿನ ಹಾಳೆಗಳನ್ನು ಎಳೆದು ಬೆಳಕಿಗೆ ಹಿಡಿದ. ಅಭ್ಯಾಸಬಲ, ತಲೆಕೆಳಗೇ ಹಿಡಿದಿದ್ದ. ಮುಖ ಅರಳಿತು.

"ನಮ್ಮ ಕೆಲಸಾನೇ ಇದು. ಅಂಚಲ್ಲಿ ಒಂದು ಗೆರೆ ಇದ್ರೆ ಹೇಳು ನೋಡೋಣ. ಯಾಕೆ ವಾಪಸ್ ಕಳಿಸಿದ್ದಾರೆ?"

"ವಾಪಸ್ ಅಲ್ಲ ಭಾವ. ನಿಮಗೇ ಬಂದಿರೋ ನೋಟೀಸು," ಎಂದೆ. "ತಿರುಗಿಸಿ ಹಿಡ್ಕೊಳ್ಳಿ. ಓದಿ."

ತಿರುಗಿಸಿದ. ಕನ್ನಡಕ ಒರೆಸಿಕೊಂಡ. ಅವನು ಓದುವುದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಷರ ಕಲಿಯುವವನಂತೆ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸಿಕೊಂಡು ಓದಿದ. ಗಿರಾಕಿಗಳು ಬಂದು ನಿಂತರು, ಕಾಯಿರಿ ಎಂದೆ. ಒಂದು ಕಡೆ ಬೆರಳು ಮುಂದೆ ಹೋಗಲಿಲ್ಲ. ಅಲ್ಲಿದ್ದದ್ದನ್ನು ನಿಧಾನವಾಗಿ ಗಟ್ಟಿಯಾಗಿಯೇ ಓದಿದ: "ನನ್ನ ಗಂಡ ಕೆಟ್ಟವರಲ್ಲ. ನಾನು ಆ ಮನೆಯಲ್ಲಿ ಇದ್ದೇನೆಂಬುದು ಅವರಿಗೆ ಗೊತ್ತಿಲ್ಲ."

ನನ್ನ ಮುಖ ನೋಡಿದ. ಏನಾದರೂ ಹೇಳುತ್ತೇನೆಂದು ಕಾದ. ಇಷ್ಟು ವರ್ಷ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಈ ದಿನಕ್ಕಾಗಿಯೇ ಕೂತವಳು ನಾನು. ಪಾಪ ಎನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಸಂತೋಷವಾಗುತ್ತದೆ ಎಂದುಕೊಂಡಿದ್ದೆ, ಅದೂ ಆಗಲಿಲ್ಲ.

ಕೊನೆಯ ಹಾಳೆಗೆ ಬಂದ. ಕಪ್ಪಗೆ, ದಪ್ಪಗೆ, ಒಂದು ಚುಕ್ಕೆಯೂ ಇಲ್ಲದ ಬಿಳಿಯ ಮೇಲೆ ಅಕ್ಕನ ಸಹಿ. ಅದರ ಮೇಲೆ ಹೆಬ್ಬೆರಳು ಸವರಿದ.

"ಒತ್ತಿ ಹಾಕು ಅಂತ ನಾನೇ ಹೇಳಿ ಕಳಿಸ್ದೆ, ಅಲ್ವಾ?"

"ಹೌದು ಭಾವ," ಎಂದೆ.