ಅತ್ತೆಯ ರೇಷ್ಮೆ, ನನ್ನ ಔಷಧಿ

ಎದೆಯ ಗಡ್ಡೆ ತೆಗೆಸಿಕೊಂಡು, ಇನ್ನು ಮುಗಿಯಿತು ಅಂದುಕೊಂಡು ಮತ್ತೆ ಮಗ್ಗಕ್ಕೆ ಕೂತವಳು ನಾನು. ಕ್ಯಾನ್ಸರ್ ಬೆನ್ನುಮೂಳೆಯಲ್ಲಿ ಬಂದು ಕೂತಿತು. ಹಳೆಯ ಔಷಧಿಗಳಿಗೆ ಅದು ಜಗ್ಗಲಿಲ್ಲ. ಗದ್ವಾಲದಿಂದ ಬಸ್ಸಿನಲ್ಲಿ ರಾಯಚೂರಿಗೆ ತೋರಿಸಿಕೊಳ್ಳಲು ಹೋದಾಗ ಡಾಕ್ಟರಮ್ಮ ಹೊಸದೊಂದು ಇಂಜೆಕ್ಷನ್ನಿನ ಮಾತೆತ್ತಿದರು. ಸಮುದ್ರದ ಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜು ಎಂಬ ಪ್ರಾಣಿಯಲ್ಲಿ ಅದು ಮೊದಲು ಸಿಕ್ಕಿದ್ದಂತೆ. ಈಗ ಕಾರ್ಖಾನೆಯಲ್ಲೇ ಮಾಡುತ್ತಾರಂತೆ.

"ಕ್ಯಾನ್ಸರ್ ಕಣ ಒಂದು ಎರಡಾಗಬೇಕಾದರ ತನ್ನೊಳಗ ಸಣ್ಣ ಸಣ್ಣ ಎಳಿ ಬೆಳಸ್ತೈತಿ. ಈ ಔಷಧ ಆ ಎಳಿ ತುದಿ ಹಿಡಕೊಂಡು ಬೆಳ್ಯಾಕ ಬಿಡಂಗಿಲ್ಲ," ಅಂದರು. ಪೂರ್ತಿ ವಾಸಿಯಾಗುತ್ತದೆಂದು ಹೇಳಲಿಲ್ಲ, ತಡೆಯಬಹುದು ಎಂದರು. ಎಳೆ ನಿಂತರೆ ಮಗ್ಗ ನಿಲ್ಲುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡೆ. ನನಗೆ ಬದುಕಬೇಕಿತ್ತು.

ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. ಮನೆಯಲ್ಲಿ ರೊಟ್ಟಿ ತಿನ್ನುತ್ತಾ ಎಲ್ಲವನ್ನೂ ಒದರಿಬಿಟ್ಟೆ. ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಹೊಸ್ತಿಲು ದಾಟಿಸದ ಅತ್ತೆ, ಮುರಿದ ರೊಟ್ಟಿಯನ್ನು ಹಾಗೇ ಕೈಯಲ್ಲಿ ಹಿಡಿದು ಕೇಳಿದರು: "ಕೊರಳಾಗ ಲಿಂಗ ಐತಿ. ಮೈಯಾಗ ಸಮುದ್ರದ ಪ್ರಾಣಿ ಹಾಕ್ಕೊಂತೀಯೇನು?"

"ಪ್ರಾಣಿ ಅಲ್ರಿ ಅತ್ತಿ, ಕಾರ್ಖಾನಿ ಮಾಲು."

"ಮೂಲ ಅದೇ ಹೌದಿಲ್ಲೋ?"

ನನಗೆ ಸಿಟ್ಟು ನೆತ್ತಿಗೇರಿತು. "ದಿನಾ ಪೂಜಿಗೆ ಮಡಿ ಅಂತ ರೇಷ್ಮಿ ಉಡತೀರಲ್ರಿ. ಹುಳ ಕುದಿಸದೇ ಆ ನೂಲು ಬರತೈತೇನ್ರಿ?" ಅಂದೆ.

ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಎದ್ದರು. ಜೀವಮಾನವೆಲ್ಲ ಸೀರೆಗೆ ರೇಷ್ಮೆ ಅಂಚು ನೇಯ್ದ ಹೆಂಗಸು. ಅಂದಿದ್ದು ಹೆಚ್ಚಾಯಿತು ಅನ್ನಿಸಿತು, ಆದರೂ ನಾನು ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಇಂಜೆಕ್ಷನ್ನಿಗೆ ಹೋಗುವ ದಿನ ಬೆಳಿಗ್ಗೆ ಎದ್ದು ನೋಡಿದರೆ, ಅತ್ತೆ ಒಗೆದು ಹಿಂಡಿದ ಹತ್ತಿ ಸೀರೆ ಉಟ್ಟು ಪೂಜೆಗೆ ಕೂತಿದ್ದರು. ಸೀರೆ ಇನ್ನೂ ಹಸಿಯಾಗಿತ್ತು. ರೇಷ್ಮೆ ಸೀರೆಯನ್ನು ಮಡಚಿ ಟ್ರಂಕಿನ ಮೇಲಿಟ್ಟಿದ್ದರು. ತಾವು ಬಿಟ್ಟವರು ಇನ್ನು ನನಗೂ ಬಿಡು ಅನ್ನದೇ ಇರುತ್ತಾರೆಯೇ? ಅಂದರೂ ನಾನು ಹೋಗುವವಳೇ. ಚೀಲ ಹೆಗಲಿಗೆ ಹಾಕಿಕೊಂಡೆ.

ಪೂಜೆ ಮುಗಿಸಿ ಬಂದ ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಿದರು.

"ರೇಷ್ಮಿ ನಾ ಬಿಟ್ಟೀನಿ. ಔಷಧ ನೀ ಬಿಡಬ್ಯಾಡ," ಅಂದವರೇ ಚಪ್ಪಲಿ ಮೆಟ್ಟಿಕೊಂಡು, ನನಗಿಂತ ಮೊದಲು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು.