ಪಡಸಾಲೆಯ ಮೂರು ಕರಿ ವಾಯರು

ನನಗಾಗ ಐವತ್ತೆಂಟು ವರ್ಷ. ಇದಾಗಿ ಹನ್ನೆರಡು ವರ್ಷವಾಯಿತು. ವಯಸ್ಸು ಅಂದಾಜಿನದು. ಹುಟ್ಟಿದ ದಿನ ಬರೆದಿಡುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ನಾನು ಶಾಲೆಗೆ ಹೋದದ್ದೂ ಎರಡನೇ ಇಯತ್ತೆ ತನಕ.

ಆಗ ಅಧಿಕ ಮಾಸ ನಡೆದಿತ್ತು. ನಮ್ಮ ಕಡೆ ಧೋಂಡ್ಯಾ ತಿಂಗಳು ಎನ್ನುತ್ತಾರೆ. ಆ ತಿಂಗಳಲ್ಲಿ ಮಗಳು-ಅಳಿಯನನ್ನು ಕರೆಸಿ, ಅಳಿಯನನ್ನು ದೇವರೆಂದು ಮಣೆಯ ಮೇಲೆ ಕೂಡಿಸಿ, ಹೋಳಿಗೆ ಬಡಿಸಿ ಬಟ್ಟೆ ಕೊಡಬೇಕು. ಬೇರೆ ದಿನಗಳಲ್ಲೇ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲಬೇಕು, ಏನಿದ್ದರೂ ಮಗಳ ಬಾಯಿಂದ ಹೇಳಿಸಬೇಕು. ಮಗಳ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅಷ್ಟು ದಿನದಲ್ಲಿ ನಾನು ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ.

ಅಳಿಯ ನಿಪ್ಪಾಣಿಯಲ್ಲಿ ಕಚೇರಿ ನೌಕರ. ನಮ್ಮೂರು ದಿಗ್ಗೇವಾಡಿಗೆ ಬರುವಾಗ ನಮಗೆಂದು ಒಂದು ದೀಪ ತಂದಿದ್ದ. ಗಾಜಿನದು, ತಟ್ಟೆ ಬೋರಲು ಹಾಕಿದ ಹಾಗೆ, ಮಾಳಿಗೆಯ ಕೆಳಗೆ ಕೂರಿಸುವಂಥದು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಮೇಲೆ ನೋಡಿದ.

“ಪಡಸಾಲ್ಯಾಗ ಇನ್ನೂ ಅದ ಜೋತಾಡೋ ಬಲ್ಬ್ ಐತಿ. ಇವತ್ತ ತಗದ ಒಗಿತೇನಿ,” ಎಂದ.



ಆ ಮನೆಯ ವಾಯರಿಂಗ್ ಮಾಡಿದವನು ನನ್ನ ಗಂಡ. ಹೊಳೆಯ ದಂಡೆಯ ಮೋಟರಿಗೆ ಹೊಸ ವಾಯರು ಎಳೆದಾಗ ಹಳೆಯದು ಉಳಿಯಿತು, ಅದನ್ನೇ ಮನೆಗೆ ಹಾಕಿದ. ಎಲ್ಲವೂ ಕರಿ. ಯಾವುದಕ್ಕೂ ಗುರುತಿಲ್ಲ. ಬಣ್ಣ ನೋಡಿ ಕರೆಂಟ್ ಬರತೈತೇನ ಎಂದು ನನ್ನ ಬಾಯಿ ಮುಚ್ಚಿಸಿದ್ದ. ಅವನು ಎದೆನೋವಿನಿಂದ ಸತ್ತ ಮೇಲೆ ಒಂದು ದಿನ ನಾನು ಸ್ವಿಚ್ ಬಂದ್ ಮಾಡಿಯೇ ಆ ಬಲ್ಬಿನ ಹೋಲ್ಡರು ಒರೆಸಲು ಹೋದೆ. ಹಸಿ ಅರಿವೆ. ಕರೆಂಟ್ ಹೊಡೆದು ಸ್ಟೂಲಿನಿಂದ ಕೆಳಗೆ ಬಿದ್ದೆ, ಮೊಣಕೈ ಹದಿನೈದು ದಿನ ಬಾತಿತ್ತು. ಸ್ವಿಚ್ಚಿಗೆ ಹೋಗಬೇಕಾದ ವಾಯರನ್ನು ಅವನು ನೇರ ದೀಪಕ್ಕೆ ಕೊಟ್ಟಿದ್ದ. ಸ್ವಿಚ್ ಒತ್ತಿದರೆ ದೀಪ ಆರುತ್ತಿತ್ತು, ಕರೆಂಟ್ ಮಾತ್ರ ಅಲ್ಲೇ ಕೂತಿರುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಸತ್ತವನ ಕೆಲಸಕ್ಕೆ ಹೆಸರಿಡುವುದು ಬೇಡವೆನ್ನಿಸಿತು. ಅಲ್ಲಿ ಒರೆಸುವುದನ್ನು ಬಿಟ್ಟೆ, ಜೇಡ ಬಲೆ ಕಟ್ಟಿತು, ಕಟ್ಟಲಿ ಎಂದೆ.

ಈಗ ಅಳಿಯ ಅಲ್ಲಿಗೇ ಕೈ ಹಾಕುತ್ತಿದ್ದ.

ಆ ಹೊತ್ತಿಗೆ ಲೋಡ್ ಶೆಡ್ಡಿಂಗ್ ಇತ್ತು. ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳುವ ಹಾಗಿರಲಿಲ್ಲ. ಒಂದು ದಿನ ಎರಡಕ್ಕೆ, ಒಂದು ದಿನ ನಾಲ್ಕಕ್ಕೆ. ಅಳಿಯ ಮೇಜಿನ ಮೇಲೆ ಹತ್ತಿ ಹೋಲ್ಡರು ಕಿತ್ತ. ತೊಲೆಯ ಪಕ್ಕದ ಪೈಪಿನಿಂದ ಮೂರು ತುದಿ ಹೊರಬಂದಿದ್ದವು, ಎರಡು ಒಂದಕ್ಕೊಂದು ಸುತ್ತಿದ್ದವು. ಅವನು ನೋಡದೆ ಎಲ್ಲವನ್ನೂ ಬಿಚ್ಚಿದ. ಬಿಚ್ಚಿದ ಮೇಲೆ ಯಾವುದು ಎಲ್ಲಿತ್ತೆಂದು ಅವನಿಗೇ ತಿಳಿಯಲಿಲ್ಲ.

“ಮಾವಾರು ಮೂರೂ ಕರೀವ ಹಾಕ್ಯಾರಲ್ಲ. ಎಮ್ಮಿ ಹಿಂಡಿನ್ಯಾಗ ಯಾರದ ಯಾವ್ದಂತ ಹೆಂಗ ಹೇಳೂದು?”

“ಎಮ್ಮೀಗಾದ್ರ ಕೋಡರ ಇರ್ತಾವ್ರೀ,” ಎಂದಳು ಮಗಳು. ಇಬ್ಬರೂ ನಕ್ಕರು.

ನಾನು ಅಡಿಗೆಮನೆಯ ಬಾಗಿಲ ಹಿಂದಿನಿಂದ ಮಗಳಿಗೆ, “ಮೇನ್ ಫ್ಯೂಸ್ ತಗೀರಿ ಅನ್ನ ಅವರಿಗೆ,” ಎಂದೆ.

“ರೀ, ಅವ್ವ ಫ್ಯೂಸ್ ತಗೀರಿ ಅನ್ನಾಕತ್ತಾಳ.”

“ಕರೆಂಟ ಇಲ್ಲಲ್ಲ. ಸ್ವಿಚ್ಚೂ ಬಂದ್ ಮಾಡೇನಿ. ಅಂಜಬ್ಯಾಡ್ರಿ ಅಂತ ಹೇಳ ನಿಮ್ಮವ್ವಗ.”

ಮಗಳು ಅದನ್ನೇ ನನಗೆ ತಿರುಗಿ ಹೇಳಿ, ಪಾತ್ರೆ ತಿಕ್ಕಲು ಹಿತ್ತಲಿಗೆ ಹೋದಳು. ಸ್ವಿಚ್ಚಿನ ಸಂಗತಿ ಹೇಳುವುದು ಇನ್ನೂ ಉಳಿದಿತ್ತು. ಎರಡು ಸಲ ಮಗಳನ್ನು ಕೂಗಿದೆ. ಹಿತ್ತಲಲ್ಲಿ ಕೊಡಪಾನದ ಸದ್ದು, ಅವಳಿಗೆ ಕೇಳಿಸಲಿಲ್ಲ. ಗೋಡೆಗೆ ಹೇಳುವ ಹಾಗೆ, “ಸ್ವಿಚ್ಚಿಗೆ ಕರೆಂಟ ನಿಲ್ಲೂದಿಲ್ಲ,” ಎಂದೆ. ಅಳಿಯನಿಗೆ ಅದು ಗೋಡೆಯ ಮಾತೇ ಆಯಿತು. ಬಾಗಿಲ ಸಂದಿಯಿಂದ ಇಣುಕಿದೆ. ಅವನು ಒಂದು ವಾಯರಿನ ತುದಿಯನ್ನು ಬಾಯಿಗೆ ತೆಗೆದುಕೊಂಡು ಮೇಲಿನ ರಬ್ಬರನ್ನು ಹಲ್ಲಿನಿಂದ ಸುಲಿಯುತ್ತಿದ್ದ.

ಹಲ್ಲಿನಿಂದ. ಧೋಂಡ್ಯಾ ತಿಂಗಳಲ್ಲಿ ಅಳಿಯನನ್ನು ಊಟಕ್ಕೆ ಕರೆದು ಕೊಂದ ಅತ್ತೆ ಎಂದು ಊರು ಅನ್ನುವುದು ನನ್ನ ಕಿವಿಗೆ ಕೇಳಿಸಿಯೇ ಬಿಟ್ಟಿತು. ಮಗಳಿಗೆ ಇಪ್ಪತ್ತಾರು ವರ್ಷ.

ಮೀಟರು ಇದ್ದದ್ದು ಮುಂಬಾಗಿಲ ಪಕ್ಕ. ಅಲ್ಲಿಗೆ ಹೋಗಬೇಕೆಂದರೆ ಅವನ ಎದುರೇ ಪಡಸಾಲೆ ದಾಟಬೇಕು. ದಾಟಿದೆ. ಸೆರಗು ಎಲ್ಲಿ ಹೋಯಿತೋ ನೋಡಲಿಲ್ಲ. ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿದೆ.

“ಅಳ್ಯಾರ, ಬಾಯಾಗಿಂದು ವಾಯರ ತಗೀರಿ.”

ಅವನು ವಾಯರನ್ನು ಹಲ್ಲಲ್ಲಿ ಕಚ್ಚಿಕೊಂಡೇ ನನ್ನನ್ನು ನೋಡಿದ. ನಾನು ಅವನ ಜೊತೆ ಆಡಿದ ಮೊದಲ ಮಾತು ಅದು.

“ಸ್ವಿಚ್ ಬಂದ್ ಐತ್ರಿ ಅತ್ತಿ,” ಎಂದ, ವಾಯರು ಬಿಟ್ಟು.

“ಬಂದ್ ಇದ್ರೂ ಬರತೈತಿ. ಕೆಳಗ ಇಳೀರಿ.”

ಇಳಿಯಲಿಲ್ಲ, ನಕ್ಕ. ನಾನು ಅಲ್ಲೇ ನಿಂತೆ. ಎಷ್ಟು ಹೊತ್ತು ನಿಂತೆನೋ, ಎಲೆ ಅಡಿಕೆ ಹಾಕಿಕೊಳ್ಳುವಷ್ಟಿರಬೇಕು, ಓಣಿಯ ಹಿಟ್ಟಿನ ಗಿರಣಿ ಗುರ್ರೆಂದಿತು. ಎದುರು ಮನೆಯ ಟಿವಿಯೂ ಶುರುವಾಯಿತು. ಅಳಿಯ ನಗು ನಿಲ್ಲಿಸಿ ಮೇಜಿನಿಂದ ಇಳಿದ.

ನನ್ನ ಮಾತನ್ನು ಪರೀಕ್ಷೆ ಮಾಡಲೇಬೇಕೆಂದ. ಮೂರೂ ತುದಿಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಮಾಡಿಸಿ, ಅವನಿಗೆ ಚಪ್ಪಲಿ ಹಾಕಿಸಿ, ನಾನು ಫ್ಯೂಸ್ ಹಾಕಿದೆ.  ಅವನು ಮತ್ತೆ ಮೇಜು ಹತ್ತಿ ಟೆಸ್ಟರು ಹಿಡಿದ. ಸ್ವಿಚ್ ಬಂದ್ ಇದ್ದಂತೆಯೇ ಒಂದು ತುದಿಗೆ ಟೆಸ್ಟರು ಕೆಂಪಾಗಿ ಉರಿಯಿತು. ಅದನ್ನು ನೋಡಿದ, ಸ್ವಿಚ್ ನೋಡಿದ, ಮತ್ತೆ ಅದನ್ನು ನೋಡಿದ. ಸ್ವಲ್ಪ ಮೊದಲು ಅವನ ಬಾಯಲ್ಲಿದ್ದದ್ದು ಅದೇ ತುದಿ.

ನಾನು ಫ್ಯೂಸ್ ಮತ್ತೆ ಕಿತ್ತೆ. ಉಳಿದ ಎರಡರ ಗುರುತು ಹಿಡಿಯಲು ಟೆಸ್ಟರು ಬೇಕಾಗಲಿಲ್ಲ. ವಾಯರು ಎಳೆಯುವಾಗ ನಾನೂ ಗಂಡನೂ ಮಾಡಿದ್ದು ಹೀಗೆ: ಒಬ್ಬರು ಆ ಕೋಣೆಯಿಂದ ಜಗ್ಗುವುದು, ಇನ್ನೊಬ್ಬರು ಈ ಕೋಣೆಯಲ್ಲಿ ಯಾವುದು ಒಳಗೆ ಸರಿಯಿತೆಂದು ನೋಡುವುದು. ಅಡಿಗೆಮನೆಗೆ ಹೋಗಿ ಅಲ್ಲಿಯ ವಾಯರು ಮೆಲ್ಲಗೆ ಜಗ್ಗಿದೆ.

“ಯಾವ್ದ ಸರಿತು?”

“ನಡುವಿಂದು.”

“ಅದು ಅಡಗಿಮನೀದು. ಅದಕ್ಕ ದಾರದ್ದ ಒಂದ ಗಂಟ ಹಾಕ್ರಿ. ಕರೆಂಟ ಇದ್ದದ್ದಕ್ಕ ಎರಡ ಗಂಟ. ಉಳದದ್ದು ಸ್ವಿಚ್ಚಿಂದು.”

“ಚೀಟಿ ಮ್ಯಾಲೆ ಬರದ ಅಂಟಸ್ಲೇನ್ರಿ?”

“ಬರದ್ರ ನಾ ಓದಬೇಕಲ್ಲ.”

ಮಗಳು ಪಾತ್ರೆ ಬುಟ್ಟಿ ಹಿಡಿದು ಬಂದು ಬಾಗಿಲಲ್ಲೇ ನಿಂತಳು. “ಯವ್ವಾ, ಇವರ ಜೋಡಿ ನೀನ ಮಾತಾಡಾಕತ್ತೀ ಏನ ಬೇ?”

“ನೀ ಪಾತ್ರಿ ತಿಕ್ಕೂತನಕಾ ಕಾದಿದ್ರ ಮಾತಾಡಾಕ ಅವರ ಇರತಿರ್ಲಿಲ್ಲ.”

ಅಳಿಯ ಅಂದು ದೀಪ ಕೂರಿಸಲಿಲ್ಲ. ತುದಿಗಳಿಗೆ ಟೇಪು ಸುತ್ತಿ, ಕೈ ತೊಳೆದು ಬಂದು ಕೇಳಿದ.

“ಸ್ವಿಚ್ಚಿನ ಸಂಗತಿ ನಿಮಗ ಮೊದಲ ಗೊತ್ತಿತ್ತೇನ್ರಿ?”

“ಹೂಂ. ವರ್ಷಾತು.”

“ಮತ್ತ ಹೇಳಬೇಕಿಲ್ಲೇನ್ರಿ ಅತ್ತಿ?”

ನಾನು ಫ್ಯೂಸ್ ತಿರುಗಿ ಹಾಕಲು ಮೀಟರಿನ ಕಡೆ ಹೋದೆ.  ಅಡಿಗೆಮನೆಗೆ ಹೋಗುವ ವಾಯರೂ ಬಿಚ್ಚಿದ್ದರಿಂದ ಆ ಸಂಜೆ ದೇವರ ಮುಂದಿನ ದೀಪದ ಬೆಳಕಲ್ಲಿ ರೊಟ್ಟಿ ಬಡಿದೆ. 

ಮರುದಿನ ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲು, ಅಟ್ಟದ ಮೇಲೆ ಉಳಿದಿದ್ದ ಗಂಡನ ಕರಿ ವಾಯರಿನಲ್ಲಿ ಗೇಣುದ್ದ ಕತ್ತರಿಸಿಕೊಂಡು ಮೊದಲ ಬಸ್ಸಿಗೆ ಹಾರೂಗೇರಿಗೆ ಹೋದೆ. ವಾಯರಿನ ಅಂಗಡಿ ಬಾಗಿಲು ತೆಗೆಯುವ ತನಕ ಕಟ್ಟೆಯ ಮೇಲೆ ಕೂತೆ. ಆಮೇಲೆ ಆ ತುಂಡನ್ನು ಅಂಗಡಿಯವನ ಮುಂದಿಟ್ಟು, “ಇಂಥಾದ್ದ ಕೊಡಬ್ಯಾಡಪ್ಪಾ. ಕೆಂಪಂದ ಕೊಡು, ಮತ್ತ ಹಾಕೂ ಕೆಲಸ ಬಲ್ಲ ಮನಿಷಾನ್ನ ತೋರ್ಸು,” ಎಂದೆ.