ಮೂರು ಪದರದ ಫೋಮು

ನನ್ನ ಸ್ಕೂಟರಿನ ಸೀಟು ಹರಿದು ಮೂರು ತಿಂಗಳಾಗಿತ್ತು. ಹರಿದ ಕಡೆ ಟೇಪು ಅಂಟಿಸಿಕೊಂಡು, ಮಳೆ ಬಂದ ಮರುದಿನ ಸ್ಕೂಲಿನಲ್ಲಿ ಇಳಿದಾಗ ಸೀರೆಯ ಹಿಂಭಾಗ ಒದ್ದೆಯಾದದ್ದನ್ನು ಮಕ್ಕಳಿಂದ ಮರೆಮಾಡಿಕೊಂಡು ಹೇಗೋ ಕಾಲ ತಳ್ಳಿದ್ದೆ. ಹೋದ ಭಾನುವಾರ ಮನಸ್ಸು ಮಾಡಿ ಹೆಗ್ಗನಹಳ್ಳಿ ಕ್ರಾಸಿನ ಹತ್ತಿರ ಒಂದು ಸೀಟ್ ಕವರ್ ಅಂಗಡಿಗೆ ಹೋದೆ. ಅಂಗಡಿಯವರು ಹಳೇ ರೆಕ್ಸಿನ್ ಕಿತ್ತು ಒಳಗಿನ ಫೋಮನ್ನು ಹೊರಗೆಳೆದರು. ಅಂಟಿನ ವಾಸನೆ, ಫೋಮಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು. “ಎಷ್ಟು ಮೆತ್ತಗೆ ಬೇಕು ಮೇಡಂ?” ಎಂದು ಕೇಳಿದರು. ಸಣ್ಣ ಪ್ರಶ್ನೆ. ಆದರೆ ಹನ್ನೆರಡು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೆ.

ಆಗ ನನ್ನ ಮಗಳು ಸಿಂಧುವಿಗೆ ಹನ್ನೆರಡು ವರ್ಷ. ಬಸವೇಶ್ವರನಗರದ ಒಂದು ರಿಂಕಿನಲ್ಲಿ ಸ್ಕೇಟಿಂಗ್ ಕಲಿಯುತ್ತಿದ್ದಳು. ಟೀವಿಯಲ್ಲಿ ತೋರಿಸುತ್ತಾರಲ್ಲ, ಹುಡುಗಿಯರು ಐಸಿನ ಮೇಲೆ ಜಾರುತ್ತ ಬಂದು ಹಾರಿ ಗಿರ್ರೆಂದು ತಿರುಗಿ ಇಳಿಯುವುದು, ಅದೇ. ನಮ್ಮ ಕಡೆ ಐಸ್ ಎಂದರೆ ಕಬ್ಬಿನ ಹಾಲಿನ ಲೋಟದಲ್ಲಿ ಸಿಗುವಷ್ಟೇ ತಾನೆ? ಹಾಗಾಗಿ ನಮ್ಮ ಮಕ್ಕಳು ನಾಲ್ಕು ಗಾಲಿಯ ಸ್ಕೇಟ್ಸ್ ಕಟ್ಟಿಕೊಂಡು ಸಿಮೆಂಟಿನ ಮೇಲೆ ಹಾರುತ್ತಿದ್ದರು. ಐಸಿನ ಮೇಲೆ ಬಿದ್ದರೆ ಒಂದಿಷ್ಟು ದೂರ ಜಾರಿಕೊಂಡಾದರೂ ಹೋಗಬಹುದು. ಸಿಮೆಂಟಿಗೆ ಆ ದಾಕ್ಷಿಣ್ಯವಿಲ್ಲ. ನಾನು ಗಣಿತದ ಟೀಚರು, ಲೆಕ್ಕ ತಪ್ಪಿದರೆ ಅಳಿಸಿ ಮತ್ತೆ ಮಾಡಿ ಎನ್ನುವವಳು. ಅಳಿಸಲು ಬಾರದ ತಪ್ಪುಗಳ ವಿದ್ಯೆ ನನಗೆ ಹೊಸದು.

ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿ, ಹಿಮ್ಮುಖವಾಗಿ ಒಂದೇ ಕಾಲಿನ ಮೇಲೆ ಇಳಿಯುವ ಜಂಪನ್ನು ಅವಳು ಆ ವರ್ಷ ಶುರುಮಾಡಿದ್ದಳು. ಒಂದು ಸಂಜೆ ನನ್ನ ಕಣ್ಣೆದುರೇ ಬಿದ್ದಳು. ಕೂತ ಹಾಗೆ, ಧಪ್ಪೆಂದು. ಎರಡು ನಿಮಿಷ ಮೇಲೇಳಲಿಲ್ಲ. ಡಾಕ್ಟರು ಮೂಳೆಗೇನೂ ಆಗಿಲ್ಲ ಎಂದರು. ಆದರೂ ಒಂದು ವಾರ ಕ್ಲಾಸಿನಲ್ಲಿ ಒಂದೇ ಪಕ್ಕಕ್ಕೆ ಒರಗಿ ಕೂತಳು. ಕೋಚು ನನ್ನನ್ನು ಕರೆದು ಹೇಳಿದರು: “ಪ್ಯಾಡ್ ಹಾಕ್ಸಿ ಮೇಡಂ. ಆದ್ರೆ ಮೈಯೆಲ್ಲ ಬೇಡ. ಒಬ್ಬೊಬ್ರು ಒಂದೊಂದು ಕಡೆ ಬೀಳ್ತಾರೆ. ಮನೇಲಿ ನೋಡಿ, ಎಲ್ಲಿ ನೀಲಿಗಟ್ಟಿದೆ ಅಂತ. ಅಲ್ಲಿಗೆ ಸಾಕು.”

ಅಂದೇ ರೂಮಿನ ಬಾಗಿಲು ಹಾಕಿಕೊಂಡು ನೋಡಿದೆ. ಬಲ ಸೊಂಟದ ಮೂಳೆಯ ಮೇಲೆ ಅಂಗೈಯಗಲ ನೀಲಿ. ಅದರ ಪಕ್ಕ ಹಸಿರಾಗಿದ್ದ ಇನ್ನೊಂದು. ಕೆಳಗೆ ಹಳದಿಗೆ ತಿರುಗಿದ್ದ ಮತ್ತೊಂದು. ಬಣ್ಣಗಳು ಬೇರೆಬೇರೆ ಎಂದರೆ ದಿನಗಳೂ ಬೇರೆಬೇರೆ. ಇವಳು ವಾರಗಟ್ಟಲೆ ಬಿದ್ದು ಎದ್ದು ಮನೆಗೆ ಬಂದು, ನಾನು ಕೊಟ್ಟ ಉಪ್ಪಿಟ್ಟು ತಿಂದು ಹೋಂವರ್ಕ್ ಮಾಡಿದ್ದಳು. ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು.

“ಯಾಕೇ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸ್ಕೇಟಿಂಗ್ ಬಿಡಿಸ್ಬಿಡ್ತಿದ್ದೆ.”

ಅವಳು ಹೇಳಿದ್ದು ಸುಳ್ಳೇನಲ್ಲ. ಬಿಡಿಸಬೇಕೆಂದು ಆ ಕ್ಷಣದಲ್ಲೇ ನಾನು ನಿಶ್ಚಯಿಸಿಯೂ ಆಗಿತ್ತು. ಆದರೆ ಅವಳ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ಸರಿ, ಪ್ಯಾಡ್ ಹುಡುಕಲು ಹೊರಟೆ. ವಿಜಯನಗರದ ಸ್ಪೋರ್ಟ್ಸ್ ಅಂಗಡಿಯವನು ಕ್ರಿಕೆಟ್ಟಿನವರು ತೊಡೆಗೆ ಕಟ್ಟುವ ಗಾರ್ಡು ತೋರಿಸಿ, “ಇದೇ ಹಾಕ್ಸಿ ಆಂಟಿ, ಬಾಲ್ ತಡೆಯುತ್ತೆ” ಎಂದ. ನನ್ನ ಮಗಳಿಗೆ ಯಾರೂ ಬಾಲ್ ಎಸೆಯುತ್ತಿಲ್ಲ ಎಂದು ಹೇಳಿ ಬಂದೆ. ಕೊನೆಗೆ ರಾಜಾಜಿನಗರದಲ್ಲಿ ಸ್ಕೂಟರ್ ಸೀಟು ಹೊಲಿಯುವ ಒಬ್ಬ ಹಿರಿಯರು ಸಿಕ್ಕರು. ವಿಷಯ ತಿಳಿಸಿ, ಇದ್ದ ಫೋಮುಗಳನ್ನೆಲ್ಲ ಒತ್ತಿ ಒತ್ತಿ ನೋಡಿ, ಎಲ್ಲಕ್ಕಿಂತ ಮೆತ್ತಗಿನದನ್ನು ಆರಿಸಿದೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ. ಹಾಸಿಗೆ, ದಿಂಬು, ಇಡ್ಲಿ, ನಾವು ಯಾವುದನ್ನು ಗಟ್ಟಿಯಾಗಿದೆ ಎಂದು ಮೆಚ್ಚಿದ್ದೇವೆ?

ಅವರು ನಕ್ಕು, ನಾನು ಆರಿಸಿದ ತುಂಡನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ತೋರಿಸಿದರು. ಕಲ್ಲಿನ ಸದ್ದು ನೇರವಾಗಿ ಕೇಳಿತು. ಆಮೇಲೆ ಬೆರಳ ದಪ್ಪವೂ ಇಲ್ಲದ, ಬಿರುಸಾದ ಒಂದು ಕಪ್ಪು ಫೋಮನ್ನಿಟ್ಟು ಗುದ್ದಿದರು. ಸದ್ದೇ ಇಲ್ಲ. “ಮೆತ್ತಗಿರೋದು ಕೂತ್ಕೊಳ್ಳೋಕೆ ಚೆನ್ನ ಅಮ್ಮ, ಬೀಳೋಕಲ್ಲ” ಎಂದರು.

ಪಾಠ ಅರ್ಥವಾಯಿತು. ಆದರೂ ನಾನು ಮಾಡಿದ್ದು ಏನು ಗೊತ್ತೇ? ಆ ಗಟ್ಟಿ ಫೋಮನ್ನೂ ತೆಗೆದುಕೊಂಡೆ, ಅದರ ಮೇಲೆ ಹಾಕಲು ಎರಡು ಪದರ ಮೆತ್ತಗಿನದನ್ನೂ ತಂದೆ. ಹಳೇ ಚೂಡಿದಾರದ ಬಟ್ಟೆಯಲ್ಲಿ ಚೀಲ ಹೊಲಿದು ಮೂರನ್ನೂ ತುರುಕಿದೆ. ಒಗೆಯುವಾಗ ತೆಗೆಯಲು ಬರಲಿ ಎಂದು ಬಾಯಿಗೆ ಟಿಚ್ ಬಟನ್ ಇಟ್ಟೆ. ಅದನ್ನು ಸೊಂಟಕ್ಕೆ ಕಟ್ಟಿ ಮೇಲೆ ಪ್ಯಾಂಟು ಹಾಕಿದಾಗ ಸಿಂಧು ಬಲಗಡೆ ಬಿಂದಿಗೆ ಹೊತ್ತವಳ ಹಾಗೆ ಕಂಡಳು. ಆದರೂ ತಕರಾರಿಲ್ಲದೆ ಹಾಕಿಕೊಂಡಳು. ಕೋಚು ಮಾತ್ರ ಸುಮ್ಮನಿರಲಿಲ್ಲ: “ಮೇಡಂ, ಇದು ತುಂಬಾ ದಪ್ಪ ಆಯ್ತು. ಕೈ ಎದೆಗೆ, ಕಾಲಿಗೆ ಕಾಲು ಹತ್ರ ಬಂದ್ರೇನೆ ತಿರುಗೋಕಾಗೋದು. ಇದನ್ನ ಕಟ್ಕೊಂಡು ಹಾರೋದಿರ್ಲಿ, ನೆಟ್ಟಗೆ ನಿಲ್ಲೋದೇ ಕಷ್ಟ.”

ಆಗಲಿ ಸಾರ್, ತೆಳ್ಳಗೆ ಮಾಡುತ್ತೇನೆ ಎಂದೆ. ಮಾಡಲಿಲ್ಲ. ಇಲ್ಲಿ ನಿಮಗೆ ನಿಜ ಹೇಳಿಬಿಡುತ್ತೇನೆ. ಹಾರಲಾಗದು ಎಂದು ಅವರು ಹೇಳಿದಾಗ ನನ್ನ ಎದೆಯ ಭಾರ ಇಳಿದಿತ್ತು. ಬಿಡು ಎಂದು ಬಾಯಿಬಿಟ್ಟು ಹೇಳಲಾರದ್ದನ್ನು ನಾನು ಫೋಮಿನಲ್ಲಿ ಹೊಲಿದಿದ್ದೆ. ಅಂದಿನಿಂದ ರಿಂಕಿನ ಒಳಗೂ ಹೋಗಲಿಲ್ಲ. ಗೇಟಿನ ಹೊರಗೆ ಕಲ್ಲುಬೆಂಚಿನ ಮೇಲೆ ರಸ್ತೆಯ ಕಡೆ ಮುಖಮಾಡಿ ಕೂತು ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಅವಳು ಬೆವೆತು, ಆ ಬಿಂದಿಗೆಯ ಸಮೇತ ಹೊರಗೆ ಬರುತ್ತಿದ್ದಳು. ಹೊಸ ಪೆಟ್ಟಾಯಿತೇ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದಳು. ಹಾರಿದರೆ ತಾನೇ ಪೆಟ್ಟು ಎಂದುಕೊಳ್ಳುತ್ತಿದ್ದೆ.

ಎರಡು ವರ್ಷ ಹಾಗೇ ನಡೆಯಿತು. ಹತ್ತನೇ ಕ್ಲಾಸು ಬಂತು, ಸ್ಕೇಟ್ಸು ಅಟ್ಟ ಸೇರಿತು. ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ, ಅಳುವಂಥದ್ದೇನಿಲ್ಲ. ಆದರೆ ನನಗೆ ಮಾತ್ರ ಅವಳು ಬಿಟ್ಟದ್ದಲ್ಲ, ನಾನು ಬಿಡಿಸಿದ್ದು ಎಂಬುದು ಒಳಗೇ ಕೊರೆಯುತ್ತಿತ್ತು. ಯಾರದ್ದೋ ಮಗಳು ಟೀವಿಯಲ್ಲಿ ಗಿರ್ರೆಂದು ತಿರುಗಿದರೆ ಚಾನಲ್ ಬದಲಿಸುತ್ತಿದ್ದೆ.

ಮೊನ್ನೆ ಭಾನುವಾರ ಸ್ಕೂಟರಿಗೆ ಹೊಸ ಸೀಟು ಹಾಕಿಸಿಕೊಂಡು ಬಂದು, ಊಟಕ್ಕೆ ಕೂತಾಗ ಸಿಂಧುವಿಗೆ ಎಲ್ಲವನ್ನೂ ಹೇಳಿಬಿಟ್ಟೆ. ನೀನು ಹಾರಬಾರದು ಅಂತಲೇ ಅಷ್ಟು ದಪ್ಪ ಹೊಲಿದಿದ್ದೆ ಕಣೇ, ತಪ್ಪಾಯಿತು ಎಂದೆ. ಅವಳು ಅನ್ನಕ್ಕೆ ಮೊಸರು ಹಾಕಿಕೊಳ್ಳುತ್ತಿದ್ದವಳು ತಲೆಯೆತ್ತಿ ನೋಡಿದಳು.

“ಅಮ್ಮ, ಮೇಲಿನ ಎರಡು ಪದರ ನಾನು ತೆಗೆದುಬಿಡ್ತಿದ್ದೆ. ಗಟ್ಟಿದು ಒಂದೇ ಬಿಡ್ತಿದ್ದೆ.”

“ಯಾವಾಗ?”

“ದಿನಾ. ಒಳಗೆ ಹೋದ ತಕ್ಷಣ. ಕೋಚ್ ಸಾರ್ ರೂಮಿನ ಬೀರು ಹಿಂದೆ ಇಟ್ಬಿಟ್ಟು, ಹೊರಗೆ ಬರೋವಾಗ ಮತ್ತೆ ಹಾಕ್ಕೊಂಡು ಬರ್ತಿದ್ದೆ. ಅದನ್ನ ನೋಡಿದ್ರೆ ನಿಂಗೆ ಸಮಾಧಾನ ಆಗ್ತಿತ್ತಲ್ಲ.”

“ಹಂಗಾದ್ರೆ ಆ ಜಂಪು?”

“ಬಂತು. ಆ ವರ್ಷ ದಸರಾ ರಜದಲ್ಲೇ ಬಂತು. ಆಮೇಲೆ ಎಷ್ಟು ಸಲ ಮಾಡಿದೀನೋ.”

ಇಷ್ಟು ವರ್ಷ ಹೊತ್ತಿದ್ದ ತಪ್ಪು ಒಂದು ಮಾತಿಗೆ ಇಳಿಯಿತು. ಸಂತೋಷವೇ ಆಗಬೇಕಿತ್ತು, ಆಯಿತು ಕೂಡ. ಆದರೆ ಎರಡು ವರ್ಷ ನನ್ನ ಮಗಳು ಗೋಡೆಯ ಆಚೆ ಹಾರುತ್ತಿದ್ದಳು, ನಾನು ಈಚೆ ಕೂತು ಯಾರದೋ ಮಕ್ಕಳ ಲೆಕ್ಕ ತಿದ್ದುತ್ತಿದ್ದೆ.

“ನಾನು ಒಂದು ಸಲಾನೂ ನೋಡ್ಲಿಲ್ವಲ್ಲೇ” ಎಂದೆ.

“ನೀನು ಒಳಗೆ ಬರಬೇಕಿತ್ತು ಅಮ್ಮ” ಎಂದಳು. ಬೈದ ಹಾಗೇನೂ ಇರಲಿಲ್ಲ. ತಟ್ಟೆ ಬದಿಗಿಟ್ಟು, ಕೈ ತೊಳೆದು ಬಂದು ನಡುಮನೆಯಲ್ಲಿ ನಿಂತಳು. “ಸ್ಕೇಟ್ಸ್ ಮೇಲೆ ಈಗ ಆಗಲ್ಲ. ಬರಿಗಾಲಲ್ಲಿ ತೋರಿಸ್ತೀನಿ, ತಡಿ.”

ಕೆಳಗೆ ಮೊಸಾಯಿಕ್ ನೆಲ. ಹುಷಾರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಎದ್ದು ಟೀಪಾಯಿಯನ್ನು ಪಕ್ಕಕ್ಕೆ ಸರಿಸಿ, ಅವಳ ಎದುರಿಗೇ ಕೂತೆ.